ಬಿಸಿ ಎಲ್ಲಿಗೆ ಹೋಯ್ತು?

2024ರ ಏಪ್ರಿಲ್‌ನಲ್ಲಿ ನನ್ನ ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿದೆ. ಹದಿನೆಂಟು ಸಾವಿರ ರೂಪಾಯಿ ಆಯ್ತು. ಏಳು ವಾರ ಕಳೆದ ಮೇಲೆ ನಾನೇ ಸ್ಪ್ಯಾನರ್ ಹಿಡಿದು ಕೂತು ಅದನ್ನ ಬಿಚ್ಚಿ, ಕಂಪನಿ ಕೊಟ್ಟಿದ್ದ ಹಳೇ ಸೈಲೆನ್ಸರನ್ನೇ ವಾಪಸ್ ಕೂರಿಸಿದೆ. ಪೊಲೀಸರು ಹಿಡಿಯಲಿಲ್ಲ, ಹೆಂಡತಿ ಬೈಯಲಿಲ್ಲ, ಬೈಕ್ ಕೆಡಲೂ ಇಲ್ಲ. ಆದ್ರೂ ಬಿಚ್ಚಿದೆ. ಯಾಕೆ ಅಂತ ಆಫೀಸಲ್ಲಿ, ನಮ್ಮ ರೈಡಿಂಗ್ ಗುಂಪಲ್ಲಿ ಕೇಳಿದೋರಿಗೆಲ್ಲ ಒಂದೊಂದು ಸುಳ್ಳು ಹೇಳಿ ತಪ್ಪಿಸ್ಕೊಂಡಿದ್ದೀನಿ. ನಿಜವಾದ ಉತ್ತರ ಸ್ವಲ್ಪ ಉದ್ದ ಇದೆ. ಇಲ್ಲಿ ಬರೀತೀನಿ.

ನನ್ನದು ನಾನೂರು ಸಿಸಿ ಆಸುಪಾಸಿನ, ಒಂದೇ ಸಿಲಿಂಡರಿನ, ಗಾಳಿಗೇ ತಣ್ಣಗಾಗುವ ಟೂರಿಂಗ್ ಬೈಕು. ಕಂಪನಿ ಹೆಸರು ಬೇಡ, ಈ ಜಾತಿಯ ಗಾಡಿ ಓಡಿಸೋರಿಗೆಲ್ಲ ಗೊತ್ತಿರೋ ಕಷ್ಟ ಇದು. ಹೈವೇಯಲ್ಲಿ ಎಂಬತ್ತರಲ್ಲಿ ಹೋಗ್ತಾ ಇದ್ರೆ ಸ್ವರ್ಗ. ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಐದು ನಿಮಿಷ ನಿಂತ್ರೆ ಬಲಗಾಲಿನ ಮೀನಖಂಡದ ಪಕ್ಕ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ. ಆ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 38 ಡಿಗ್ರಿ ದಾಟಿತ್ತು. ಜೀನ್ಸ್ ಪ್ಯಾಂಟಿನೊಳಗೆ ಕಾಲು ಬೇಯ್ತಿತ್ತು.

ನಾನು ಎರಡು ವಾರಕ್ಕೊಮ್ಮೆಯಾದ್ರೂ ಊರಿಗೆ ಹೋಗ್ತೀನಿ. ಊರು ಅಂದ್ರೆ ಅಮ್ಮನ ತವರು, ತುರುವೇಕೆರೆ ಕಡೆ ಒಂದು ಹಳ್ಳಿ. ನೆಲಮಂಗಲ, ತುಮಕೂರು, ಗುಬ್ಬಿ, ನಿಟ್ಟೂರು ದಾಟಿ ಕೆ.ಬಿ. ಕ್ರಾಸ್‌ಗೆ ಬಂದ್ರೆ ನೇರ ಹೋಗೋದು ತಿಪಟೂರಿಗೆ, ಬಲಕ್ಕೆ ಚಿಕ್ಕನಾಯಕನಹಳ್ಳಿ, ಹುಳಿಯಾರು, ಎಡಕ್ಕೆ ತುರುವೇಕೆರೆ. ಎಡಕ್ಕೆ ತಿರುಗಿದ ಮೇಲೆ ರಸ್ತೆಯ ಎರಡೂ ಕಡೆ ತೆಂಗೇ ತೆಂಗು. ನನ್ನ ಸೋದರಮಾವನಿಗೆ ಅಲ್ಲಿ ನಾಲ್ಕು ಎಕರೆ ತೋಟ, ಒಂದು ಕೊಬ್ಬರಿ ಅಟ್ಟ, ಮೂಲೆಯಲ್ಲಿ ಟಾರ್ಪಾಲ್ ಹೊದ್ದು ನಿಂತಿರೋ ಒಂದು ಯೆಜ್ಡಿ ಇದೆ. ಯೆಜ್ಡಿ ವಿಷಯಕ್ಕೆ ಆಮೇಲೆ ಬರ್ತೀನಿ.

ಬಿಸಿಗೆ ಮದ್ದು ಕೇಳಿದಾಗ ನಮ್ಮ ಗುಂಪಿನ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ರು: ಫ್ರೀ ಫ್ಲೋ ಹಾಕ್ಸು ಮಗಾ. ಗ್ಯಾರೇಜಿನವರು ಇನ್ನೂ ಚೆನ್ನಾಗಿ ಹೇಳಿದ್ರು. "ಕಂಪನಿ ಸೈಲೆನ್ಸರ್ ಅಂದ್ರೆ ಮೂಗು ಮುಚ್ಚಿ ಓಡು ಅಂದಂಗೆ ಸಾರ್. ಗಾಡಿಗೆ ಉಸಿರಾಡೋಕೆ ಬಿಡಿ. ಪವರ್ರೂ ಬರುತ್ತೆ, ಕಾಲೂ ಸುಡಲ್ಲ." ಎಂಜಿನ್ನಿನ ಕೆಳಗೆ ಡಬ್ಬಿ ಥರ ಕೂತಿದ್ದ ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ ಹಳೇ ಕೊಳವೆ ಬಿಚ್ಚಿದ್ರು. ಹೊಸದು ಸ್ಟೀಲಿನದು, ಹಳೇದರ ಅರ್ಧ ತೂಕವೂ ಇಲ್ಲ. ಬಾಯಿಗೆ ಹಾಕೋ ಡಿಬಿ ಕಿಲ್ಲರ್ ಅನ್ನೋ ಸಣ್ಣ ತಡೆಯನ್ನ ಬೇರೆ ಕವರಲ್ಲಿ ಕೊಟ್ಟು, "ಪೊಲೀಸ್ ಇರೋ ಕಡೆ ಹಾಕ್ಕೊಳ್ಳಿ" ಅಂದ್ರು. ಅದು ನನ್ನ ಟ್ಯಾಂಕ್ ಬ್ಯಾಗಲ್ಲೇ ಉಳೀತು.

ಸತ್ಯ ಹೇಳ್ತೀನಿ, ಮಜಾ ಇತ್ತು. ಕಾಲು ಸುಡೋದು ಕಮ್ಮಿ ಆಯ್ತು. ಥ್ರಾಟಲ್ ತಿರುಗಿಸಿದ್ರೆ ಎದೆಯೊಳಗೆ ತಮಟೆ ಬಾರಿಸಿದ ಹಾಗೆ. ಗೇರ್ ಇಳಿಸುವಾಗ ಹಿಂದಿನಿಂದ ಪಟಪಟ ಸಿಡಿಯೋದು. ಎರಡು ಹಾರ್ಸ್‌ಪವರ್ ಜಾಸ್ತಿ ಬಂದಿದೆ ಅಂತ ಎಲ್ಲರಿಗೂ ಹೇಳಿದೆ. ಅಳೆದು ನೋಡಿದ್ದು ಯಾರು? ಯಾರೂ ಇಲ್ಲ. ಸದ್ದು ದೊಡ್ಡದಾದ್ರೆ ವೇಗ ಹೆಚ್ಚಿದ ಹಾಗೆ ಅನ್ಸುತ್ತೆ, ಅಷ್ಟೇ. ದಿನಾ ಎಂಟು ಗಂಟೆ ಸ್ಕ್ರೀನ್ ಮುಂದೆ ಕೂತು, ಮೀಟಿಂಗಲ್ಲಿ ಮೈಕ್ ಮ್ಯೂಟ್ ಮಾಡ್ಕೊಂಡು, ಮ್ಯಾನೇಜರ್ ಹೇಳಿದ್ದಕ್ಕೆಲ್ಲ ಹೂಂ ಅನ್ನೋ ಮನುಷ್ಯನಿಗೆ ಶನಿವಾರ ಬೆಳಿಗ್ಗೆ ಇಡೀ ರಸ್ತೆ ತಿರುಗಿ ನೋಡೋ ಹಾಗೆ ಬರೋದು ಎಂಥ ಸುಖ ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೇ ತಿಂಗಳ ಎರಡನೇ ಶನಿವಾರ. ಬೆಳಿಗ್ಗೆ ಐದಕ್ಕೆ ಹೊರಟಿದ್ದೆ, ಏಳೂವರೆ ಹೊತ್ತಿಗೆ ಊರು. ಮಾವ ತೋಟದಲ್ಲಿದ್ದಾರೆ ಅಂತ ಅತ್ತೆ ಹೇಳಿದ್ದಕ್ಕೆ ಬೈಕಲ್ಲೇ ಆ ಕಡೆ ಹೋದೆ. ತೋಟಕ್ಕೆ ಹೋಗೋ ದಾರಿ ಪಕ್ಕದವರ ತೋಟದ ಬದುವಿನ ಮೇಲೆ ಹಾದು ಹೋಗುತ್ತೆ. ಮಣ್ಣು ಸಡಿಲ ಇತ್ತು, ಫಸ್ಟ್ ಗೇರಲ್ಲಿ ರೇಸ್ ಕೊಟ್ಕೊಂಡು ಹತ್ತಿಸ್ತಾ ಇದ್ದೆ. ಪಕ್ಕದ ತೋಟದಲ್ಲಿ ಕಾಯಿ ಕೀಳ್ತಾ ಇದ್ರು. ಐವತ್ತು ಅಡಿ ಮರದ ಮೇಲೆ ಒಬ್ಬರು, ಕೆಳಗೆ ಕಾಯಿ ಆಯ್ದು ಮಂಕರಿಗೆ ಹಾಕೋ ಒಬ್ಬ ಅಕ್ಕ.

ಕಾಯಿ ಕೀಳೋದು ನೋಡಿದವರಿಗೆ ಗೊತ್ತು. ಮೇಲಿರೋರು ಗೊನೆ ಕಡಿಯೋ ಮುಂಚೆ ಒಂದು ಕೂಗು ಹಾಕ್ತಾರೆ. ಕೆಳಗಿರೋರು ಆ ಕೂಗಿಗೆ ಸರಿದು ನಿಲ್ತಾರೆ. ಹೆಲ್ಮೆಟ್ಟಿಲ್ಲ, ಬಲೆಯಿಲ್ಲ, ಇರೋ ಭದ್ರತೆ ಅಂದ್ರೆ ಆ ಕೂಗೊಂದೇ. ಅವತ್ತು ಅವರು ಕೂಗಿದ್ರಂತೆ. ನನಗೆ ಕೇಳಲಿಲ್ಲ, ಹೆಲ್ಮೆಟ್ ಹಾಕಿದ್ದೆ. ಆ ಅಕ್ಕನಿಗೂ ಕೇಳಲಿಲ್ಲ. ಇದೇನು ಸದ್ದು ಅಂತ ಅವರು ನನ್ನ ಕಡೆ ತಿರುಗಿ ನಾಲ್ಕು ಹೆಜ್ಜೆ ಮುಂದೆ ಬಂದ್ರು, ಮರದ ಬುಡದ ಕಡೆಗೇ. ಗೊನೆ ಬಿತ್ತು. ಅವರಿಂದ ಎರಡು ಮಾರು ಆಚೆ. ಒಂದು ಕಾಯಿ ಪುಟಿದು ಮಂಕರಿಗೆ ಬಡಿದು ಮಂಕರಿ ಉರುಳಿತು.

ಆಮೇಲೆ ಲೆಕ್ಕ ಹಾಕಿ ನೋಡಿದೆ, ಎಂಜಿನಿಯರ್ ಬುದ್ಧಿ. ಐವತ್ತು ಅಡಿ ಮೇಲಿಂದ ಬಿದ್ದ ಕಾಯಿ ನೆಲ ಮುಟ್ಟೋ ಹೊತ್ತಿಗೆ ಹತ್ತಿರ ಹತ್ತಿರ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿರುತ್ತೆ. ಮಟ್ಟೆ ಸಮೇತ ಬಲಿತ ಕಾಯಿ ಒಂದು ಕೇಜಿ ಮೇಲೇ ತೂಗುತ್ತೆ. ನಾನು ಹೆಲ್ಮೆಟ್, ಜಾಕೆಟ್, ಗ್ಲೌಸ್ ಎಲ್ಲ ಹಾಕ್ಕೊಂಡು ಹೋಗೋ ವೇಗ ಅದು.

ಜಗಳ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಅಕ್ಕ ಮಂಕರಿ ಎತ್ತಿ ನಿಲ್ಲಿಸಿ, "ಏನೂ ಆಗ್ನಿಲ್ಲ ಬುಡಪ್ಪ, ನಮ್ಮಕ್ಕನ ಮಗನಂಗೇ ಇದೀಯ, ಹೆದರ್ಕಬ್ಯಾಡ" ಅಂದ್ರು. ಹೆದರಬೇಕಿದ್ದವರು ನನಗೆ ಸಮಾಧಾನ ಹೇಳಿದ್ರು. ಮರದ ಮೇಲಿದ್ದವರು ಇಳಿದು ಬಂದು ಬೈಕನ್ನ ಒಂದು ಸುತ್ತು ನೋಡಿ, "ಎಷ್ಟು ಬಿತ್ತು ಗಾಡಿಗೆ?" ಅಂತ ಕೇಳಿದ್ರು. ಹೇಳಿದೆ. ತಲೆಯಾಡಿಸಿ ಮುಂದಿನ ಮರ ಹತ್ತಿದ್ರು.

ಮಾವ ಮಧ್ಯಾಹ್ನ ಊಟಕ್ಕೆ ಕೂತಾಗ ಒಂದೇ ಮಾತು ಅಂದ್ರು: "ಮರದ ಮ್ಯಾಲಿರೋನಿಗೆ ಕೆಳಗಿರೋರ ಕಿವಿನೇ ಗತಿ ಕಣಪ್ಪ." ಆಮೇಲೆ ಮಾತು ಬದಲಾಯಿಸಿ ಕೊಬ್ಬರಿ ರೇಟಿಗೆ ಹೋದ್ರು.

ವಾಪಸ್ ಬರುವಾಗ ನಾನು ನನ್ನ ಪರ ವಕೀಲಿಕೆ ಶುರು ಮಾಡಿದೆ. ಗಾಳಿ ಇತ್ತು, ನಾನಿಲ್ಲದಿದ್ರೂ ಆ ಕೂಗು ಕೇಳಿಸ್ತಿರಲಿಲ್ಲವೇನೋ. ಅವರು ತಿರುಗಿ ನೋಡಿದ್ದು ಅವರ ಇಷ್ಟ. ಕಡಿಯೋರು ಕೆಳಗೆ ನೋಡಿ ಕಡೀಬೇಕಿತ್ತು. ಅಷ್ಟಕ್ಕೂ ಏನೂ ಆಗಿಲ್ಲವಲ್ಲ! ಕೊನೇ ವಾದ ತುಂಬ ಗಟ್ಟಿ ಅನ್ನಿಸಿತು. ನಿಟ್ಟೂರು ದಾಟೋ ಹೊತ್ತಿಗೆ ಅದೇ ಎಲ್ಲಕ್ಕಿಂತ ಟೊಳ್ಳು ಅನ್ನಿಸೋಕೆ ಶುರುವಾಯ್ತು.

ಯಾಕಂದ್ರೆ ಆಗದೇ ಇದ್ದದ್ದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಆ ಎರಡು ಮಾರು ಅಂತರ ನಾನು ಇಟ್ಟದ್ದಲ್ಲ. ಅಕ್ಕ ಇನ್ನೆರಡು ಹೆಜ್ಜೆ ಹಾಕಿದ್ದಿದ್ರೂ ನಾನು ಮಾಡಿದ್ದು ಅಷ್ಟೇ ಇರ್ತಿತ್ತು: ಅದೇ ಬದು, ಅದೇ ಗೇರು, ಅದೇ ರೇಸು. ಒಂದು ಸಾರಿ ನಾನು ಮಜಾ ಮಾಡಿದ ಹುಡುಗ, ಇನ್ನೊಂದು ಸಾರಿ ಒಂದು ಮನೆ ಹಾಳು ಮಾಡಿದವನು. ನಡುವೆ ವ್ಯತ್ಯಾಸ ಮಾಡಿದ್ದು ಬರೀ ಅದೃಷ್ಟ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ತ್ವಶಾಸ್ತ್ರಜ್ಞರು ಇದೇ ಪ್ರಶ್ನೆ ಇಟ್ಕೊಂಡು ಎದುರುಬದುರು ಪ್ರಬಂಧ ಓದಿದ್ರು. ಅವರು ಕೊಟ್ಟ ಹೆಸರು 'ಮಾರಲ್ ಲಕ್', ಅಂದ್ರೆ ನೈತಿಕ ಅದೃಷ್ಟ. ನಮ್ಮ ಕೈಯಲ್ಲಿಲ್ಲದ ಸಂಗತಿ ನಮ್ಮನ್ನ ಒಳ್ಳೆಯವರೋ ಕೆಟ್ಟವರೋ ಮಾಡೋದು ಸರಿಯಾ ಅಂತ. ಅವರ ವಾದ ಇನ್ನೂ ಮುಗಿದಿಲ್ಲ. ನನಗೆ ಅದರಿಂದ ಸಿಕ್ಕಿದ್ದು ಇಷ್ಟು: ಏನೂ ಆಗಲಿಲ್ಲ ಅನ್ನೋದು ನನ್ನ ಪುಣ್ಯ, ಅದನ್ನ ನನ್ನ ನಡತೆಗೆ ಸರ್ಟಿಫಿಕೇಟ್ ಅಂದ್ಕೋಬಾರದು.

ಆ ವಾರ ರಾತ್ರಿಗಳಲ್ಲಿ ಕೂತು ಓದಿದೆ. ಬೈಕಿನ ಬಿಸಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ. ಸ್ವಲ್ಪ ನಟ್ಟು ಬೋಲ್ಟಿನ ಮಾತು, ಸಹಿಸ್ಕೊಳ್ಳಿ.

ನೂರು ರೂಪಾಯಿ ಪೆಟ್ರೋಲು ಹಾಕಿದ್ರೆ ಅದರಲ್ಲಿ ಚಕ್ರ ತಿರುಗಿಸೋಕೆ ಸಿಗೋದು ಹೆಚ್ಚುಕಡಿಮೆ ಇಪ್ಪತ್ತೈದು, ಮೂವತ್ತು ರೂಪಾಯಿಯಷ್ಟು. ಇನ್ನೊಂದು ಮೂರನೇ ಒಂದು ಭಾಗ ಸೈಲೆನ್ಸರಿನಿಂದ ಬಿಸಿ ಗಾಳಿಯಾಗಿ ಆಚೆ ಹೋಗುತ್ತೆ. ಉಳಿದದ್ದು ಎಂಜಿನ್ನಿನ ಮೈಯಿಂದ, ಎಣ್ಣೆಯಿಂದ ಗಾಳಿಗೆ. ಈ ಲೆಕ್ಕ ಯಾವ ಕೊಳವೆ ಹಾಕಿದ್ರೂ ದೊಡ್ಡದಾಗಿ ಬದಲಾಗಲ್ಲ. ಹಾಗಾದ್ರೆ ನನ್ನ ಕಾಲಿಗೆ ಬಿಸಿ ಕಮ್ಮಿ ಆಗಿದ್ದು ಹೇಗೆ? ಉತ್ತರ ಆ ಡಬ್ಬಿಯಲ್ಲಿತ್ತು.

ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಕಿಂಡಿಗಳು. ಅವುಗಳ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಎಂಜಿನ್ನಿನಿಂದ ಬರೋ ಕಾರ್ಬನ್ ಮಾನಾಕ್ಸೈಡನ್ನ, ಅರೆಬರೆ ಸುಟ್ಟ ಪೆಟ್ರೋಲನ್ನ ಅದು ಅಲ್ಲೇ ಇನ್ನೊಮ್ಮೆ ಸುಡುತ್ತೆ. ನೈಟ್ರೋಜನ್ ಆಕ್ಸೈಡುಗಳನ್ನ ಒಡೆಯುತ್ತೆ. ಈ ಕೆಲಸ ಶುರುವಾಗೋಕೇ ಇನ್ನೂರೈವತ್ತು ಮುನ್ನೂರು ಡಿಗ್ರಿ ಬೇಕು. ಶುರುವಾದ ಮೇಲೆ ಆ ಸುಡುವಿಕೆಯಿಂದಲೇ ಇನ್ನಷ್ಟು ಬಿಸಿ. ಅಂದ್ರೆ ನನ್ನ ಮೀನಖಂಡ ಸುಡ್ತಾ ಇದ್ದದ್ದು ಸುಮ್ಮನೆ ಅಲ್ಲ. ನಾನು ಮಾಡಿದ ವಿಷವನ್ನ ಆ ಡಬ್ಬಿ ನನ್ನ ಕಾಲಿನ ಪಕ್ಕ ಕೂತು ತೊಳೀತಾ ಇತ್ತು. ಆ ಬಿಸಿ ಅದರ ಕೆಲಸದ ಬಿಸಿ.

ನಾನು ಡಬ್ಬಿ ತೆಗೆಸಿದೆ, ಕೆಲಸ ನಿಂತಿತು, ಕಾಲು ತಣ್ಣಗಾಯ್ತು. ತೊಳೆಯದೇ ಉಳಿದದ್ದು ಎಲ್ಲಿಗೆ ಹೋಯ್ತು? ಗೊರಗುಂಟೆಪಾಳ್ಯದಲ್ಲಿ ನನ್ನ ಹಿಂದೆ ಸ್ಕೂಟರಲ್ಲಿ ನಿಂತಿದ್ದವರ ಮೂಗಿಗೆ. ಅವರ ಮುಂದೆ ನಿಂತಿದ್ದ ಮಗುವಿನ ಮೂಗಿಗೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುಡಿದವರಿಗೂ ಗೊತ್ತಾಗಲ್ಲ, ಕೊಟ್ಟವರಿಗೂ ಗೊತ್ತಾಗಲ್ಲ. ನಮ್ಮ ಮನೆ ಕಸ ಗುಡಿಸಿ ಪಕ್ಕದ ಮನೆ ಬಾಗಿಲಿಗೆ ತಳ್ಳಿ, ನಮ್ಮನೆ ಎಷ್ಟು ಸ್ವಚ್ಛ ನೋಡಿ ಅಂದಂಗೆ.

ಪವರ್ ಕಥೆಯೂ ಹೀಗೇ. ಬಿಎಸ್-6 ಗಾಡಿಗಳಲ್ಲಿ ಸೈಲೆನ್ಸರ್ ಕೊಳವೆಯಲ್ಲೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ. ಅದು ಹೇಳಿದ ಪ್ರಕಾರ ಕಂಪ್ಯೂಟರು ಪೆಟ್ರೋಲ್ ಬಿಡುತ್ತೆ. ಆದ್ರೆ ಪೂರ್ತಿ ಥ್ರಾಟಲ್ ತಿರುಗಿಸಿದಾಗ ಅದು ನಡೆಯೋದು ಮೊದಲೇ ಬರೆದಿಟ್ಟ ಲೆಕ್ಕದ ಮೇಲೆ, ಆ ಲೆಕ್ಕ ಹಳೇ ಸೈಲೆನ್ಸರಿಗೆ ಬರೆದದ್ದು. ಬರೀ ಕೊಳವೆ ಬದಲಾಯಿಸಿದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಎಂಜಿನ್ನಿನ ಒಳಗೇ ಬಿಸಿ ಹೆಚ್ಚಬಹುದು. ಮ್ಯಾಪ್ ಬದಲಾಯಿಸಿ, ಡೈನೋ ಮೇಲೆ ಅಳೆದು ಮಾಡಿದ್ರೆ ಒಂದೆರಡು ಹಾರ್ಸ್‌ಪವರ್ ಸಿಕ್ಕೀತು. ನನ್ನದರಲ್ಲಿ ಅದ್ಯಾವುದೂ ಮಾಡಿರಲಿಲ್ಲ. ಗೇರ್ ಇಳಿಸುವಾಗಿನ ಆ ಪಟಪಟ ನನಗೆ ತಾಕತ್ತಿನ ಸದ್ದು ಅನ್ನಿಸಿತ್ತು. ಅದು ಎಂಜಿನ್ನಲ್ಲಿ ಸುಡದೇ ಉಳಿದ ಪೆಟ್ರೋಲು ಕೊಳವೆಯಲ್ಲಿ ಸುಡೋ ಸದ್ದು. ನಾನೇ ದುಡ್ಡು ಕೊಟ್ಟ ಪೆಟ್ರೋಲು.

ಸದ್ದನ್ನೂ ಅಳೆದೆ. ಮೊಬೈಲ್ ಆ್ಯಪ್ ಕರಾರುವಾಕ್ಕಲ್ಲ, ಆದ್ರೆ ಒಂದೇ ಜಾಗ, ಒಂದೇ ಆ್ಯಪ್ ಇಟ್ಟು ಡಿಬಿ ಕಿಲ್ಲರ್ ಹಾಕಿ ಒಂದು ಸಾರಿ, ತೆಗೆದು ಒಂದು ಸಾರಿ ನೋಡಿದ್ರೆ ಹತ್ತು ಡೆಸಿಬಲ್ ವ್ಯತ್ಯಾಸ. ಹತ್ತೇ ತಾನೆ ಅನ್ಸುತ್ತೆ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು. 175 ಸಿಸಿ ಮೇಲಿನ ಬೈಕು ಕಾರ್ಖಾನೆಯಿಂದ ಬರುವಾಗ 80 ಡೆಸಿಬಲ್ ಮೀರಬಾರದು ಅಂತ ನಿಯಮ. ಜನ ವಾಸ ಮಾಡೋ ಕಡೆ ಹಗಲು 55, ರಾತ್ರಿ 45 ಇರಬೇಕು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ವರೂಪ ಬದಲಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಶಬ್ದ, ಹೊಗೆ ನಿಯಮ ಮುರಿದ್ರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಪೊಲೀಸರು ಸೈಲೆನ್ಸರುಗಳನ್ನ ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ನೋಡಿರ್ತೀರಿ. ನಾನೂ ನೋಡಿ ನಕ್ಕಿದ್ದೆ.

ಆದ್ರೆ ಕಾನೂನು ನನ್ನನ್ನ ತಡೀಲಿಲ್ಲ ಅನ್ನೋದು ಇಲ್ಲಿ ಮುಖ್ಯ. ನನ್ನ ತಲೆಯಲ್ಲಿ ಕಾನೂನು ಅಂದ್ರೆ ಟ್ಯಾಂಕ್ ಬ್ಯಾಗಲ್ಲಿದ್ದ ಡಿಬಿ ಕಿಲ್ಲರ್, ಪೊಲೀಸ್ ಕಂಡಾಗ ಹಾಕೋದು. ಹಾಗಾಗಿ ವಾದಗಳನ್ನ ಒಂದೊಂದಾಗಿ ಎತ್ತಿ ನೋಡಲೇಬೇಕಾಯ್ತು.

ಮೊದಲನೇದು, ಸದ್ದಿದ್ರೆ ಸುರಕ್ಷತೆ, ಲಾರಿಯವರಿಗೆ ಗೊತ್ತಾಗುತ್ತೆ ಅನ್ನೋದು. ನಮ್ಮ ಗುಂಪಲ್ಲಿ ಇದು ವೇದವಾಕ್ಯ. ಆದ್ರೆ ಸೈಲೆನ್ಸರಿನ ಬಾಯಿ ಇರೋದು ಹಿಂದಕ್ಕೆ. ನಮ್ಮ ಮೇಲೆ ಬರೋ ಅಪಾಯ ಹೆಚ್ಚಾಗಿ ಮುಂದಿನಿಂದ, ಪಕ್ಕದ ಕ್ರಾಸಿನಿಂದ. ನಾನು ದಾಟಿ ಹೋದ ಮೇಲೆ ನನ್ನ ಇರವು ಸಾರಿ ಏನು ಪ್ರಯೋಜನ? ಸುರಕ್ಷತೆಯೇ ಬೇಕಿದ್ರೆ ಹಾರ್ನ್ ಇದೆ, ಲೈಟ್ ಇದೆ, ಬ್ರೇಕ್ ಇದೆ. ಆ ತೋಟದಲ್ಲಂತೂ ನನ್ನ ಸದ್ದು ಒಬ್ಬರ ಸುರಕ್ಷತೆಯನ್ನ ಕಿತ್ಕೊಂಡಿತ್ತು.

ಎರಡನೇದು, ಎಲ್ಲರೂ ಮಾಡ್ತಾರೆ. ಡಿಜೆ ಹಾಕ್ತಾರೆ, ಮೈಕ್ ಹಾಕ್ತಾರೆ, ಲಾರಿಗಳು ಹೊಗೆ ಬಿಡ್ತಾವೆ, ನನ್ನೊಬ್ಬನ ಬೈಕಿಂದ ಏನು ಮಹಾ? ಇದಕ್ಕೆ ಉತ್ತರ ಕೊಟ್ಟಿದ್ದು ಮಾವ, ಅವರಿಗೆ ಗೊತ್ತಿಲ್ಲದೆ. ಚಿಕ್ಕನಾಯಕನಹಳ್ಳಿ ಕಡೆ ಗಣಿ ಜೋರಾಗಿದ್ದ ಕಾಲದಲ್ಲಿ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಹೋಗ್ತಿದ್ವಂತೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸೋವರೆಗೂ ಇದು ನಡೀತು. ಮಾವ ಹೇಳಿದ್ದು: "ರಸ್ತೆ ಪಕ್ಕದ ತೋಟದ ಗರಿಯೆಲ್ಲ ಕೆಂಪಗೆ ಕಣಪ್ಪ. ಕೇಳಿದ್ರೆ ಒಬ್ಬೊಬ್ಬ ಡ್ರೈವರ್ರೂ ಒಂದೇ ಹೇಳೋನು. ನಂದು ಒಂದು ಲಾರಿ ತಾನೆ ಗೌಡ್ರೆ ಅಂತ." ಧೂಳಿಗೆ ಯಾವ ಲಾರಿಯ ಹೆಸರೂ ಇರಲಿಲ್ಲ. ಅದಕ್ಕೇ ಪ್ರತಿ ಲಾರಿಯೂ ತನ್ನದಲ್ಲ ಅನ್ನಬಹುದಿತ್ತು. ಸಿಗ್ನಲ್ಲಲ್ಲಿ ನಿಂತ ನನ್ನ ಬೈಕಿಗೂ ಆ ಲಾರಿಗೂ ಅಳತೆಯಲ್ಲಿ ಅಜಗಜಾಂತರ, ವಾದ ಮಾತ್ರ ಅಕ್ಷರ ಅಕ್ಷರ ಅದೇ.

ಮೂರನೇದು, ನನ್ನ ಗಾಡಿ, ನನ್ನ ದುಡ್ಡು, ನನ್ನ ಇಷ್ಟ. ಇದು ನನಗೆ ತುಂಬ ಹತ್ತಿರದ ವಾದ. ಬಟ್ಟೆ, ಊಟ, ಮದುವೆ, ಎಲ್ಲದರಲ್ಲೂ ಬೇರೆಯವರು ಮೂಗು ತೂರಿಸಬಾರದು ಅಂತ ನಂಬಿದವನು ನಾನು. ಆದ್ರೆ ಈ ನಂಬಿಕೆಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದ ಜಾನ್ ಸ್ಟೂವರ್ಟ್ ಮಿಲ್ ಹಾಕಿದ ಗೆರೆ ಸರಳ: ಇನ್ನೊಬ್ಬರಿಗೆ ಹಾನಿಯಾಗೋವರೆಗೂ ನಿನ್ನಿಷ್ಟ. ಕಣ್ಣಿಗೆ ರೆಪ್ಪೆ ಇದೆ, ನನ್ನ ಬೈಕಿನ ಬಣ್ಣ ಇಷ್ಟ ಆಗದಿದ್ರೆ ಮುಚ್ಕೋಬಹುದು. ಕಿವಿಗೆ ರೆಪ್ಪೆ ಇಲ್ಲ. ಮೂಗು ಮುಚ್ಚಿ ಎಷ್ಟು ಹೊತ್ತು ಇರೋಕಾಗುತ್ತೆ? ನಾನು ಬೆಳಿಗ್ಗೆ ಐದಕ್ಕೆ ಗೇಟಿನಿಂದ ಹೊರಡುವಾಗ ಅಪಾರ್ಟ್‌ಮೆಂಟಿನ ಎಷ್ಟು ಮನೆಯಲ್ಲಿ ಕೂಸು ಎದ್ದು ಅತ್ತಿತೋ, ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಎಷ್ಟು ಜನ ಹೊರಳಿದರೋ. ಅವರನ್ನ ನಾನು ಕೇಳಿರಲಿಲ್ಲ. ಕೇಳಿದ್ರೆ ಬೇಡ ಅಂತಾರೆ ಅಂತ ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ.

ಜೂನ್ ಮೊದಲ ವಾರ ಊರಿಗೆ ಹೋದಾಗ ಡಿಬಿ ಕಿಲ್ಲರ್ ಹಾಕ್ಕೊಂಡು ಹೋದೆ, ಕೆ.ಬಿ. ಕ್ರಾಸಿನಿಂದ ನಿಧಾನವಾಗಿ. ಮಾವ ಯೆಜ್ಡಿ ಮೇಲಿನ ಟಾರ್ಪಾಲ್ ತೆಗೆದು ಒರೆಸ್ತಾ ಇದ್ರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು, ಮಾವನ ಗಾಡಿ ಇನ್ನೂ ಒಂದೆರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ. ಒಂದೇ ಸಿಲಿಂಡರು, ಸೈಲೆನ್ಸರ್ ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ನನ್ನ ಬೈಕು ನಿಲ್ಲಿಸಿದ ಮೇಲೆ ಅವರು ತಲೆ ಎತ್ತದೇ ಹೇಳಿದ್ರು:

"ನಾನೂ ಬ್ಯಾಫಲ್ ತೆಗ್ಸಿದ್ದೆ ಕಣೋ."

"ಯಾವಾಗ ಮಾವ?"

"ನಿಮ್ಮಮ್ಮನ ಮದ್ವೆಗಿಂತ ಮುಂಚೆ. ತಿಪಟೂರು ಸಂತೆಬೀದೀಲಿ ಹೋದ್ರೆ ಅಂಗಡಿಯೋರೆಲ್ಲ ಎದ್ದು ನೋಡೋರು."

"ಮತ್ತೆ ಯಾಕೆ ವಾಪಸ್ ಹಾಕ್ಸಿದ್ರಿ?"

ಮಾವ ಬಟ್ಟೆ ಹಿಂಡಿದ್ರು. "ಒಂದು, ಗಾಡಿ ಕೆಳಗಿನ ಗೇರಲ್ಲಿ ಎಳೀತಿರ್ಲಿಲ್ಲ. ಕಾಯಿ ಚೀಲ ಹಾಕ್ಕೊಂಡು ಏರಿ ಹತ್ತೋಕಾಗ್ತಿರ್ಲಿಲ್ಲ. ಎರಡು, ನಮ್ಮವ್ವ. ರಾತ್ರಿ ನಾನು ಬರೋವರ್ಗೂ ಮಲಗ್ತಿರ್ಲಿಲ್ಲ. ಒಂದಿನ ಅಂದ್ಲು, ನಿನ್ ಗಾಡಿ ಸದ್ದು ಊರ ಮುಂದಿನ ಕೆರೆ ಏರಿ ಮ್ಯಾಲೇ ಕೇಳುತ್ತೆ ಮಗ, ಸದ್ಯ ಬಂದ ಅಂತ ನಾನು ಮಲಗ್ತೀನಿ, ಅಲ್ಲಿಂದ ಇಲ್ಲಿಗೆ ಎಷ್ಟು ಮನೇರು ಏಳ್ತಾರೋ ಅಂತ."

ಎರಡು ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನ ಆಕಾರವೇ ಅರ್ಧ ತಾಕತ್ತು. ವಾಪಸ್ ಬರೋ ಒತ್ತಡದ ಅಲೆ ಸರಿಯಾದ ಹೊತ್ತಿಗೆ ಬಂದು ಹೊಸ ಪೆಟ್ರೋಲನ್ನ ಸಿಲಿಂಡರಿನೊಳಗೇ ತಡೀಬೇಕು. ಒಳಗಿನ ಬ್ಯಾಫಲ್ ಕಿತ್ತರೆ ಸದ್ದು ಬರುತ್ತೆ, ಎಳೆತ ಹೋಗುತ್ತೆ. ಮಾವನಿಗೆ ಅಲೆಯ ಲೆಕ್ಕ ಗೊತ್ತಿರಲಿಲ್ಲ, ಕಾಯಿ ಚೀಲದ ಲೆಕ್ಕ ಗೊತ್ತಿತ್ತು. ಅವತ್ತು ಕೂತ್ಕೊಂಡು ನನ್ನ ಹದಿನೆಂಟು ಸಾವಿರಕ್ಕೂ ಅವರೇ ಲೆಕ್ಕ ಹಾಕಿದ್ರು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಅಂದ್ರೆ ನನ್ನ ಕೊಳವೆ ಒಂದೂವರೆ ಕ್ವಿಂಟಾಲು ಕೊಬ್ಬರಿ. ಸಾವಿರದ ಮೇಲೆ ಕಾಯಿ. ಒಂದೊಂದು ಕಾಯನ್ನೂ ಯಾರೋ ಮರ ಹತ್ತಿ ಕಿತ್ತು, ಯಾರೋ ಮಂಕರಿಯಲ್ಲಿ ಹೊತ್ತು, ಮಟ್ಟೆ ಸಮೇತ ಅಟ್ಟದ ಮೇಲೆ ಹರವಿ, ಹೆಚ್ಚುಕಡಿಮೆ ಒಂದು ವರ್ಷ ಕಾದಿರ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದ ಹಾಗೆ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯಬೇಕು. ಮಾವ ಇದನ್ನ ಬುದ್ಧಿ ಹೇಳೋಕೆ ಹೇಳಲಿಲ್ಲ, ಎಲ್ಲ ಖರ್ಚನ್ನೂ ಅವರು ಹಾಗೇ ಅಳೆಯೋದು. ಅತ್ತೆಯ ಮಂಡಿ ಆಪರೇಷನ್ನನ್ನೂ ಕ್ವಿಂಟಾಲಲ್ಲೇ ಹೇಳ್ತಾರೆ.

ಮಾರನೇ ದಿನ ಅವರ ಅಂಗಳದಲ್ಲೇ ಕೂತು ಬಿಚ್ಚಿದೆ. ಹಳೇ ಸೈಲೆನ್ಸರನ್ನ ಹಿಂದಿನ ಸೀಟಿಗೆ ಕಟ್ಕೊಂಡು ಹೋಗಿದ್ದೆ. ಬೆಂಗಳೂರಿಗೆ ಬಂದ ಮೇಲೆ ಬಿಸಿಗೆ ಬೇರೆ ದಾರಿ ಹುಡುಕಿದೆ. ವಾಲ್ವ್ ಕ್ಲಿಯರೆನ್ಸ್ ಸರಿ ಮಾಡಿಸಿದೆ, ಆಯಿಲ್ ಬದಲಾಯಿಸಿದೆ, ಕೊಳವೆ ಪಕ್ಕ ಒಂದು ತಗಡಿನ ಹೀಟ್ ಶೀಲ್ಡ್ ಹಾಕಿಸಿದೆ, ಮಂಡಿವರೆಗೆ ಬರೋ ಬೂಟು ತಗೊಂಡೆ, ದೊಡ್ಡ ಸಿಗ್ನಲ್ಲಲ್ಲಿ ಎಂಜಿನ್ ಆಫ್ ಮಾಡ್ತೀನಿ. ಎಲ್ಲ ಸೇರಿ ಅರ್ಧ ದುಡ್ಡೂ ಆಗಲಿಲ್ಲ. ಬಿಸಿ ಪೂರ್ತಿ ಹೋಯ್ತಾ? ಇಲ್ಲ. ಏಪ್ರಿಲ್‌ನಲ್ಲಿ ಇನ್ನೂ ಸುಡುತ್ತೆ. ಸುಟ್ಟಾಗ ಆ ಡಬ್ಬಿ ಕೆಲಸ ಮಾಡ್ತಿದೆ ಅಂದ್ಕೊಳ್ತೀನಿ. ಕೆಲವು ದಿನ ಅಷ್ಟು ದೊಡ್ಡ ಮನಸ್ಸು ಬರಲ್ಲ, ಬೈಕೊಂಡೇ ಹೋಗ್ತೀನಿ. ಆ ಸದ್ದು ನೆನಪಾಗುತ್ತೆ, ಬೇಕು ಅನ್ಸುತ್ತೆ. ಅದನ್ನ ಮುಚ್ಚಿಟ್ಟು ನಾನೇನೋ ಬದಲಾದೆ ಅಂತ ಹೇಳೋದು ಮೋಸ.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಬಿಚ್ಚಿದ ಕೊಳವೆ ಏನು ಮಾಡೋದು ಅನ್ನೋ ಪ್ರಶ್ನೆ ಉಳೀತು. ಆನ್‌ಲೈನಲ್ಲಿ ಹಾಕಿದ್ರೆ ಎಂಟು ಹತ್ತು ಸಾವಿರಕ್ಕೆ ಹೋಗುತ್ತೆ, ತಗೊಳ್ಳೋರು ಸಾಲುಗಟ್ಟಿ ಇದ್ದಾರೆ. ಆದ್ರೆ ಇಷ್ಟೆಲ್ಲ ಯೋಚನೆ ಮಾಡಿ ಬಿಚ್ಚಿದ್ದನ್ನ ಇನ್ನೊಬ್ಬನಿಗೆ ಮಾರಿದ್ರೆ ನಾನು ಮಾಡಿದ್ದೇನು? ಡಬ್ಬಿ ಕಿತ್ತು ಬಿಸಿಯನ್ನ ಪಕ್ಕದವರಿಗೆ ದಾಟಿಸಿದ ಹಾಗೇ, ತಪ್ಪನ್ನೂ ದಾಟಿಸಿ ಮೇಲೆ ಹತ್ತು ಸಾವಿರ ಜೇಬಿಗೆ ಹಾಕ್ಕೊಂಡಂಗೆ. ಸದ್ದು ನನ್ನ ಕಿವಿಯಿಂದ ದೂರ ಹೋಗುತ್ತೆ, ಭೂಮಿಯಿಂದ ಹೋಗಲ್ಲ.

ಮಾವನ ಮಗನಿಗೆ ಹತ್ತೊಂಬತ್ತು, ತಿಪಟೂರಲ್ಲಿ ಕಾಲೇಜು. ಬಿಚ್ಚುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಕೊಡ್ತಾ ಇದ್ದ. ಕೊಳವೆ ಕೈಗೆ ಬಂದ ತಕ್ಷಣ ಕೇಳಿದ: "ಬಾವ, ಇದನ್ನ ನಂಗೆ ಕೊಡಿ."

"ನಿನ್ನ ಗಾಡಿಗೆ ಫಿಟ್ ಆಗಲ್ವೋ."

"ವೆಲ್ಡಿಂಗ್ ಮಾಡಿಸ್ಕೊಳ್ತೀನಿ."

ನಾನು ಮೇಲೆ ಬರೆದದ್ದನ್ನೆಲ್ಲ ಚಿಕ್ಕದಾಗಿ ಹೇಳಿದೆ. ಮರದ ಮೇಲಿದ್ದವರ ವಿಷಯ, ಆ ಅಕ್ಕನ ವಿಷಯ, ಡಬ್ಬಿಯ ವಿಷಯ. ಪೂರ್ತಿ ಕೇಳಿದ. ಕೇಳಿ, "ಅಂದ್ರೆ ನೀವು ಏಳು ವಾರ ಮಜಾ ಮಾಡಿದ್ರಿ, ಈಗ ನಂಗೆ ಬ್ಯಾಡ ಅಂತೀರಾ" ಅಂದ.

ಅವನ ಮಾತು ಸರಿ ಇತ್ತು. ಉಪದೇಶ ಮಾಡೋರಲ್ಲಿ ಹೆಚ್ಚಿನವರು ಮೊದಲು ಸವಿದು, ಆಮೇಲೆ ಬಿಟ್ಟು, ಆಮೇಲೆ ಬೇರೆಯವರಿಗೆ ಬೇಡ ಅನ್ನೋರು. ಊರಲ್ಲಿ ಉಳಿದ ಹುಡುಗನಿಗೆ ಬೆಂಗಳೂರಿಂದ ಬಂದ ಬಾವ ಹೀಗೆ ಹೇಳೋದು ಹೇಗೆ ಕೇಳಿಸಿರುತ್ತೆ ಅಂತ ನನಗೆ ಗೊತ್ತಾಯ್ತು. ಆದ್ರೆ ಅವನ ಮಾತು ಸರಿ ಅನ್ನೋದರಿಂದ ಕೊಳವೆ ಸರಿ ಆಗೋದಿಲ್ಲ. ಎರಡೂ ಒಟ್ಟಿಗೇ ನಿಜ. ನಾನು ಹೇಳೋಕೆ ಯೋಗ್ಯ ಅಲ್ಲದೇ ಇರಬಹುದು, ಹೇಳಿದ್ದು ಅಷ್ಟರಿಂದಲೇ ಸುಳ್ಳಾಗಲ್ಲ. ಇದನ್ನ ಅವನಿಗೆ ಹೇಳಿದೆ. "ಹೂಂ" ಅಂದ. ಒಪ್ಪಿದನೋ ಬಾಯಿ ಮುಚ್ಚಿಸಿದನೋ ಗೊತ್ತಾಗಲಿಲ್ಲ.

ಕೊಳವೆ ಈಗ ಮಾವನ ಮನೆ ಅಟ್ಟದ ಮೇಲಿದೆ, ಒಣಗ್ತಾ ಇರೋ ಕಾಯಿಗಳ ಪಕ್ಕ, ಗೋಣಿಚೀಲದಲ್ಲಿ. ಗುಜರಿಗೆ ಹಾಕಿಬಿಡಿ ಅಂತ ಮಾವನಿಗೆ ಹೇಳಿದ್ದೀನಿ. "ಸ್ಟೀಲು ಚೆನ್ನಾಗೈತೆ, ಇರ್ಲಿ ಬುಡು" ಅಂತಾರೆ. ಹೋದಾಗಲೆಲ್ಲ ಏಣಿ ಹತ್ತಿ ನೋಡ್ತೀನಿ, ಚೀಲ ಅಲ್ಲೇ ಇರುತ್ತೆ. ಹೋದ ಸಾರಿ ನೋಡಿದಾಗ ಚೀಲದ ಬಾಯಿ ಕಟ್ಟಿದ್ದ ದಾರ ನಾನು ಕಟ್ಟಿದ ಗಂಟಲ್ಲ ಅನ್ನಿಸಿತು. ಅವನನ್ನ ಕೇಳಲಿಲ್ಲ. ಕೆಳಗಿಳಿದು ಬಂದು, "ನಾಳೆ ಪಕ್ಕದ ತೋಟದಲ್ಲಿ ಕಾಯಿ ಕೀಳ್ತಾರಂತೆ, ಆಯೋಕೆ ಜನ ಕಮ್ಮಿ ಇದ್ದಾರೆ, ಬರ್ತೀಯಾ?" ಅಂದೆ. ಸ್ವಲ್ಪ ಹೊತ್ತು ಮೊಬೈಲ್ ನೋಡಿ, "ಎಷ್ಟೊತ್ತಿಗೆ ಬಾವ?" ಅಂದ.